ಮುಳ್ಳು ಹಾಕುವ ಕೆಲಸ

ಮುರುಗೇಶಪಾಳ್ಯದ ಗಲ್ಲಿಗಳಲ್ಲಿ ನಮ್ಮವ್ವ ಓಬಳಮ್ಮ
ಕೂಗಿಕೊಂಡು ಹೋಗುತ್ತಿದ್ದಳು:
ಒರಳಿಗೆ ಮುಳ್ಳು ಹಾಕಿಸ್ತೀರೇನ್ರವ್ವಾ, ಬೀಸೋ ಕಲ್ಲಿಗೆ ಮುಳ್ಳೂ!
ಸವೆದು ನುಣ್ಣಗಾದ ಕಲ್ಲು
ಅರೆಯುವುದಿಲ್ಲ, ಜಾರಿಸುತ್ತದೆ.
ಉಳಿಯ ತುದಿಯಿಂದ ಟಕ್ ಟಕ್ ಟಕ್
ಸಿಡುಬಿನ ಕಲೆ ಎಬ್ಬಿಸಿ ಎದ್ದಳೆಂದರೆ
ವರುಷಕಾಲ ಆ ಮನೆಯ ಚಟ್ನಿಗೆ ಚಿಂತೆಯಿಲ್ಲ.

ಅವಳ ಮಗಳು ನಾನು.
ಅದೇ ಗಲ್ಲಿಯ ಗೋಡೆಯಾಚೆ, ಗಾಳಿ ಸುರಂಗದಲ್ಲಿ,
ಅಂಗೈಯಗಲದ ರೆಕ್ಕೆಗೆ ಮರಳು ಅಂಟಿಸುತ್ತೇನೆ.

ನಗಬೇಡಿ.
ಮೊದಲು ದಸ್ತಗೀರ್ ಸಾಬರು ಆ ಉಕ್ಕನ್ನು
ಹನ್ನೊಂದು ದಿನ ತಿಕ್ಕಿರುತ್ತಾರೆ.
ಪೊರೆ ಬಂದ ಮೇಲೆ ಅವರು ಕಣ್ಣನ್ನು ನಂಬುವುದು ಬಿಟ್ಟರು.
ಕಿರುಬೆರಳಿಂದ ಸವರಿ,
"ಇಲ್ಲೊಂದು ಗೀರು ಐತೆ ನೋಡಮ್ಮ" ಅನ್ನುವರು.
ಭೂತಗನ್ನಡಿ ಹಿಡಿದರೆ, ಹೌದು, ಇದೆ.
ಕೊನೆಗೆ ಟ್ಯೂಬ್‌ಲೈಟು ಅದರಲ್ಲಿ
ಒಂದಿಷ್ಟೂ ನಡುಗದೆ ಕಾಣಬೇಕು, ಅಷ್ಟು ನುಣುಪು.

ಅಂಥದರ ಮೂತಿಗೆ ನಾನು ಮೆರುಗೆಣ್ಣೆ ಬಳಿದು
ಜರಡಿ ಹಿಡಿದ ಕಾರ್ಬೊರಂಡಮ್ ಉದುರಿಸುವೆ,
ಎರಡು ಮಿಲಿಮೀಟರಿನ ಪಟ್ಟಿ.
ಸಾಬರು ಆ ಹೊತ್ತಿಗೆ ಸರಿಯಾಗಿ ಟೀಗೆ ಹೋಗುತ್ತಾರೆ.
ನೋಡಲಾರರು.

ಇಂದ್ರಾಕ್ಷಿ ಮೇಡಂ ಹೇಳಿಕೊಟ್ಟದ್ದು ಹೀಗೆ:
ದೊಡ್ಡ ವಿಮಾನದ ಮೈಯಲ್ಲಿ ಗಾಳಿ ತಾನಾಗಿ ಕದಡುತ್ತದೆ,
ಈ ಪುಟ್ಟ ರೆಕ್ಕೆಯಲ್ಲಿ ಕದಡಲು ಜಾಗ ಸಾಲದು.
ಪದರ ಪದರವಾಗಿ, ಶಿಸ್ತಾಗಿ ಹರಿದು
ಸುಳ್ಳು ಹೇಳುತ್ತದೆ.
ಶಬ್ದದ ವೇಗಕ್ಕೆ ಇನ್ನೆರಡೇ ಮೆಟ್ಟಿಲು ಅನ್ನುವಾಗ
ರೆಕ್ಕೆಯ ಗೂನಿನ ಮೇಲೆ ಗಾಳಿ ಶಬ್ದವನ್ನೂ ಮೀರಿ ಓಡಿ
ಥಟ್ಟನೆ ಗೋಡೆಗೆ ಹಾಯುತ್ತದೆ.
ಕಟ್ಟಿದವರಿಲ್ಲದ ಗೋಡೆ, ಗಾಳಿಯದೇ.
ಶಿಸ್ತಿನ ಗಾಳಿ ಅದರ ಬುಡ ಮುಟ್ಟುವ ಮೊದಲೇ
ರೆಕ್ಕೆಯನ್ನು ಕೈಬಿಟ್ಟು ಏಳುತ್ತದೆ;
ಕದಡಿದ ಗಾಳಿ, ಸಂತೆಯ ಬಸ್ಸಿನಲ್ಲಿ ಬುಟ್ಟಿ ಹೊತ್ತವಳಂತೆ,
ಮೊಣಕೈ ಊರಿ, ಅಂಟಿಕೊಂಡೇ ದಾಟುತ್ತದೆ.

ಹರಳು ದಪ್ಪವಾದರೆ ಕೆಟ್ಟಿತು:
ಗೋಡೆ ಮುಂದಕ್ಕೆ ಜರುಗಿ, ಎತ್ತುವ ಬಲ ಸೋರುತ್ತದೆ.
ಸಣ್ಣದಾದರೆ ಗಾಳಿಗೆ ಗೊತ್ತೇ ಆಗುವುದಿಲ್ಲ.
ಎಷ್ಟು ಒರಟು ಸಾಕು?
ಅವ್ವನಾದರೆ ಬೆರಳಿಗೆ ಎಂಜಲು ಹಚ್ಚಿ, ಮುಟ್ಟಿ ಹೇಳುತ್ತಿದ್ದಳು.
ಮೇಡಂ ಎರಡು ಪುಟ ಲೆಕ್ಕ ಮಾಡಿ ಹೇಳಿದರು:
ನೂರಾ ಎಂಬತ್ತರ ಜರಡಿ.

ಮೊನ್ನೆ ಬುಧವಾರ ಹರಳಿಲ್ಲದ ಸರದಿ.
ಬರಿಯ ನುಣುಪು, ಹೋಲಿಸಿ ನೋಡಲಿಕ್ಕೆ.
ಅಸಿಟೋನಿನಲ್ಲಿ ಪಟ್ಟಿ ಒರೆಸಿ ಕೊಟ್ಟವಳು ನಾನೇ.
ಸಾಬರು ಅವತ್ತು ಟೀಗೆ ಹೋಗಲಿಲ್ಲ.
ಟ್ಯಾಂಕು ಮುಕ್ಕಾಲು ಗಂಟೆ ಉಸಿರು ತುಂಬಿಕೊಂಡು
ಇಪ್ಪತ್ತೆರಡು ಸೆಕೆಂಡು ಊದಿತು.
ಕೋಡಿಹಳ್ಳಿಯ ನಾಯಿಗಳು ಬೊಗಳಿ ಸುಮ್ಮನಾದವು.

ಬಿಚ್ಚಿ ನೋಡಿದರೆ, ಬಳಿದ ಬಣ್ಣದೆಣ್ಣೆಯಲ್ಲಿ
ಗಾಳಿ ಕೈಬಿಟ್ಟ ಗೆರೆ, ಉದ್ದಕ್ಕೂ, ನೇರ.
ಒಂದೆಡೆ ಮಾತ್ರ
ಬೀಸಣಿಗೆ ಬಿಚ್ಚಿದ ಹಾಗೆ ಒಂದು ಮುಕ್ಕೋನ;
ಅದರೊಳಗೆ ಗಾಳಿ ಇನ್ನಷ್ಟು ದೂರ ಬಂದಿತ್ತು,
ರೆಕ್ಕೆಯನ್ನು ಹಿಡಿದುಕೊಂಡು.
ತುದಿಯಲ್ಲಿ ಒಂದೇ ಒಂದು ಹರಳು.
ನನ್ನ ಬಟ್ಟೆಗೆ ಸಿಗದೆ ಉಳಿದದ್ದು.

ಇಡೀ ಸರದಿ ದಂಡ. ಮೇಡಂ ಬಯ್ಯಲಿಲ್ಲ,
ನಾಲ್ಕು ಫೋಟೋ ತೆಗೆದು, "ಚೆನ್ನಾಗಿದೆ ಅಲ್ವಾ" ಅಂದರು.
ನನಗೆ ಅಳು ಬಂದಿತ್ತು.
ಸಾಬರು ಕಿರುಬೆರಳನ್ನು ಆ ಹರಳಿನ ಮೇಲಿಟ್ಟು
ತುಂಬಾ ಹೊತ್ತು ನಿಂತರು.
"ಇದು ನನ್ನ ಕೈಗೂ ತಪ್ಪಿಸಿಕೊಂಡಿತ್ತಲ್ಲಮ್ಮ."

ಸಂಜೆ ಗೇಟಿನ ಹತ್ತಿರ ತಡೆದು ಕೇಳಿದರು,
ಯಾರಾದರೂ ಕೇಳಿಸಿಕೊಂಡಾರೆಂಬಂತೆ ಮೆಲ್ಲಗೆ:
ಜರಡಿ ದಾಟದ ದಪ್ಪ ಹರಳು ಎಸೀತೀಯಲ್ಲ,
ಒಂದು ಹಿಡಿ ಇದ್ದರೆ ಕೊಡು.
ನಮ್ಮ ಮಸೀದೀಲಿ ವಜೂ ಮಾಡೋ ಕಟ್ಟೆ
ಸವೆದು ಸವೆದು ಗಾಜಾಗಿದೆ,
ವಯಸ್ಸಾದೋರು ಜಾರ್ತಾರೆ.
ಪೇಂಟಿಗೆ ಕಲಸಿ ಬಳಿದುಬಿಡ್ತೀನಿ.

ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಪೊಟ್ಟಣ ಕಟ್ಟಿಕೊಟ್ಟೆ.
ಅದನ್ನು ಜೇಬಿಗಿಳಿಸುವ ಮುನ್ನ
ಬೆರಳು ಹಾಕಿ ಒಮ್ಮೆ ತಿಕ್ಕಿ ನೋಡಿದರು,
ಮುಖ ಕಿವುಚಿಕೊಂಡು.